ತೇಜಸ್ವಿನಿ ನಿರಂಜನ

ತೇಜಸ್ವಿನಿ ನಿರಂಜನ (ಜನನ: 1958) ಅವರು ಸಂಸ್ಕೃತಿ ಅಧ್ಯಯನ ಹಾಗೂ ಅನುವಾದ ಸಿದ್ಧಾಂತದ ವಿದ್ವಾಂಸರು ಮತ್ತು ಅನುವಾದಕಿ. ಫ್ರೆಂಚ್ ತತ್ತ್ವಜ್ಞಾನಿ ಜಾಕ್ ಡೆರಿಡಾ ಮೊದಲಾದವರ ರಾಚನಿಕೋತ್ತರ ಚಿಂತನೆಯನ್ನು ವಸಾಹತು ಕಾಲದ ಭಾರತದ ಚರಿತ್ರೆಯೊಡನೆ ಇಟ್ಟು ಪರಿಶೀಲಿಸಿದ 'ಸೈಟಿಂಗ್ ಟ್ರಾನ್ಸ್‌ಲೇಷನ್' (1992) ಇವರ ಪ್ರಸಿದ್ಧ ಕೃತಿ.

ಜೀವನ ಮತ್ತು ವೃತ್ತಿ

ಇವರು ಕಾದಂಬರಿಕಾರ ನಿರಂಜನ (ಕುಳಕುಂದ ಶಿವರಾಯ) ಹಾಗೂ ವೈದ್ಯೆ, ಲೇಖಕಿ ಅನುಪಮಾ ನಿರಂಜನ ಅವರ ಪುತ್ರಿ. ಬೆಂಗಳೂರು, ಮುಂಬಯಿ ಮತ್ತು ಪುಣೆ ವಿಶ್ವವಿದ್ಯಾಲಯಗಳಲ್ಲಿ ವ್ಯಾಸಂಗ ಮಾಡಿ, ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪದವಿ ಪಡೆದರು. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಬೋಧಿಸಿದ ಇವರು, ಬೆಂಗಳೂರಿನ ಸಂಸ್ಕೃತಿ ಮತ್ತು ಸಮಾಜ ಅಧ್ಯಯನ ಕೇಂದ್ರದ ಸ್ಥಾಪಕರಲ್ಲಿ ಒಬ್ಬರು. ಮುಂದೆ ಹಾಂಗ್ ಕಾಂಗ್‌ನ ಲಿಂಗ್ನಾನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ ಕೆಲಸ ಮಾಡಿದರು.

ಅನುವಾದ ಸಿದ್ಧಾಂತ

ಅನುವಾದವು ಮೂಲಕ್ಕೆ ನಿಷ್ಠವಾದ ಪ್ರತಿರೂಪವಾಗಿರಬೇಕೆಂಬುದು ರೂಢಿಯ ನಂಬಿಕೆ. ಮೂಲ ಕೃತಿಗೆ ಸ್ಥಿರವಾದ ಒಂದೇ ಅರ್ಥವಿರುತ್ತದೆ ಎಂಬ ಗ್ರಹಿಕೆಯನ್ನೇ ಡೆರಿಡಾ ಪ್ರಶ್ನಿಸಿದ್ದರು. ತೇಜಸ್ವಿನಿ ಅವರು ಈ ಪ್ರಶ್ನೆಯನ್ನು ವಸಾಹತುಶಾಹಿ ಅಧಿಕಾರದತ್ತ ತಿರುಗಿಸಿದರು. 18ನೆಯ ಶತಮಾನದ ಕೊನೆಯಲ್ಲಿ ವಿಲಿಯಂ ಜೋನ್ಸ್ ಮನುಸ್ಮೃತಿಯನ್ನೂ ಇತರ ಸಂಸ್ಕೃತ ಗ್ರಂಥಗಳನ್ನೂ ಇಂಗ್ಲಿಷಿಗೆ ತಂದರು. ಇಂತಹ ಅನುವಾದಗಳು ಕಟ್ಟಿಕೊಟ್ಟ 'ಬದಲಾಗದ ಭಾರತ'ದ ಚಿತ್ರವನ್ನು ಇಂಗ್ಲಿಷ್ ಶಿಕ್ಷಣದ ಮೂಲಕ ಭಾರತೀಯರೂ ತಮ್ಮದೆಂದು ಒಪ್ಪಿಕೊಂಡರು ಎಂಬುದು ಅವರ ವಾದ. ಆದರೆ ಅವರು ಡೆರಿಡಾ ಅವರನ್ನು ಪೂರ್ತಿಯಾಗಿ ಅನುಸರಿಸುವುದಿಲ್ಲ. ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ ಅವರಲ್ಲಿದ್ದ ಚರಿತ್ರೆಯ ಪ್ರಶ್ನೆಯನ್ನು ಡೆರಿಡಾ ಮತ್ತು ಪಾಲ್ ಡಿ ಮಾನ್ ಇಬ್ಬರೂ ಕಡೆಗಣಿಸಿದರೆಂದು ಟೀಕಿಸುತ್ತಾರೆ.

ವಚನಗಳ ಅನುವಾದ

ಕೃತಿಯ ಕೊನೆಯ ಅಧ್ಯಾಯದಲ್ಲಿ ಈ ಚರ್ಚೆ ಕನ್ನಡಕ್ಕೆ ಬರುತ್ತದೆ. ಎ. ಕೆ. ರಾಮಾನುಜನ್ ಅವರ 'ಸ್ಪೀಕಿಂಗ್ ಆಫ್ ಶಿವ' (1973) ಸಂಕಲನವು ವಚನಗಳನ್ನು ಪಾಶ್ಚಾತ್ಯ ಓದುಗರಿಗೆ ಪರಿಚಿತವಾದ ಚೌಕಟ್ಟಿಗೆ ಹೊಂದಿಸುತ್ತದೆ ಎಂಬುದು ಅವರ ಆಕ್ಷೇಪ. ಅಲ್ಲಮಪ್ರಭುವಿನ ಅಂಕಿತವಾದ 'ಗುಹೇಶ್ವರ'ವನ್ನು ರಾಮಾನುಜನ್ 'ಗುಹೆಗಳ ಒಡೆಯ' ಎಂಬರ್ಥ ಬರುವಂತೆ ಇಂಗ್ಲಿಷಿಗೆ ತಂದಿದ್ದರು. ತೇಜಸ್ವಿನಿ ತಮ್ಮ ಅನುವಾದದಲ್ಲಿ ಆ ಹೆಸರನ್ನು ಹಾಗೆಯೇ ಉಳಿಸಿಕೊಂಡರು. ಓದು ಸಲೀಸಾಗುವುದಕ್ಕಿಂತ ಮೂಲದ ಅನ್ಯತೆ ಅಳಿಯದಿರುವುದು ಮುಖ್ಯ ಎಂಬ ನಿಲುವು ಇದರಲ್ಲಿ ಕಾಣುತ್ತದೆ.

ಇತರ ಕೃತಿಗಳು

ಟ್ರಿನಿಡಾಡ್‌ನ ಭಾರತೀಯ ಮೂಲದವರ ಸಂಗೀತವನ್ನು ಕುರಿತ 'ಮೊಬಿಲೈಸಿಂಗ್ ಇಂಡಿಯಾ' (2006) ಮತ್ತು ಮುಂಬಯಿಯಲ್ಲಿ ಹಿಂದುಸ್ತಾನಿ ಸಂಗೀತ ಬೆಳೆದ ಬಗೆಯನ್ನು ಕುರಿತ 'ಮ್ಯೂಸಿಕೋಫೀಲಿಯಾ ಇನ್ ಮುಂಬಯಿ' (2020) ಇವರ ಇತರ ಅಧ್ಯಯನಗಳು. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿಯನ್ನು ಇಂಗ್ಲಿಷಿಗೆ ಅನುವಾದಿಸಿದ್ದಾರೆ. ಜಯಂತ ಕಾಯ್ಕಿಣಿ ಅವರ ಕಥೆಗಳ ಅನುವಾದ 'ನೋ ಪ್ರೆಸೆಂಟ್ಸ್ ಪ್ಲೀಸ್' (2017) ಕೃತಿಗೆ 2018ನೆಯ ಸಾಲಿನ ಡಿ.ಎಸ್.ಸಿ. ದಕ್ಷಿಣ ಏಷ್ಯಾ ಸಾಹಿತ್ಯ ಪ್ರಶಸ್ತಿ ಲಭಿಸಿತು. ಅನುವಾದಿತ ಕೃತಿಯೊಂದಕ್ಕೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು.