ಹಳೆಯ ಕಾರಿಗೆ ಹೊಂದುವ ಚಕ್ರ: ಎರಡು ಮಿಲಿಮೀಟರ್ ಅಂತರದ ಅರ್ಥವೇನು?

ಮಾರುಕಟ್ಟೆಯಿಂದ ಮರೆಯಾದ ಕಾರುಗಳು ರಸ್ತೆಯಿಂದ ಕೂಡಲೇ ಮರೆಯಾಗುವುದಿಲ್ಲ. ತಯಾರಿಕೆ ನಿಂತು ಹಲವು ವರ್ಷಗಳಾದ ಮೇಲೂ ಸುಸ್ಥಿತಿಯಲ್ಲಿರುವ ವಾಹನಗಳನ್ನು ಮಾಲೀಕರು ಜತನದಿಂದ ಉಳಿಸಿಕೊಂಡಿರುತ್ತಾರೆ. ಎಂಜಿನ್‌ನ ಬಿಡಿಭಾಗಗಳು ಹೇಗೋ ದೊರೆಯುತ್ತವೆ. ಆದರೆ ಒಂದು ಚಕ್ರ ಹೊಂಡಕ್ಕೆ ಬಿದ್ದು ಬಾಗಿದರೆ ಅಥವಾ ಬಿರುಕು ಬಿಟ್ಟರೆ ಅದಕ್ಕೆ ಸರಿಹೊಂದುವ ಮತ್ತೊಂದು ಚಕ್ರವನ್ನು ಕೈಗೆಟುಕುವ ಬೆಲೆಯಲ್ಲಿ ಹುಡುಕುವುದು ಅನೇಕರಿಗೆ ಸಮಸ್ಯೆಯಾಗಿ ಪರಿಣಮಿಸುತ್ತದೆ. ಚಕ್ರವು ನೋಟಕ್ಕೆ ಒಂದೇ ರೀತಿ ಇದ್ದರೂ ಬೋಲ್ಟ್ ರಂಧ್ರಗಳ ಅಳತೆ ಬೇರೆಯಾಗಿರುವುದೇ ಇದಕ್ಕೆ ಕಾರಣ. ಈ ವಿಷಯದಲ್ಲಿ ಬಿಡಿಭಾಗ ವರ್ತಕರು, ಟೈರ್ ಮಾರಾಟಗಾರರು ಹಾಗೂ ಗ್ಯಾರೇಜು ಮಾಲೀಕರು ಅರಿತಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಪಿ.ಸಿ.ಡಿ. ಎಂದರೇನು?

ಚಕ್ರವನ್ನು ಹಬ್‌ಗೆ ಬಿಗಿಯುವ ಬೋಲ್ಟ್‌ಗಳ ಕೇಂದ್ರಗಳ ಮೂಲಕ ಹಾದುಹೋಗುವ ಕಾಲ್ಪನಿಕ ವೃತ್ತದ ವ್ಯಾಸವನ್ನು ವ್ಯಾಪಾರದಲ್ಲಿ ಪಿ.ಸಿ.ಡಿ. ಎನ್ನಲಾಗುತ್ತದೆ. 4×100 ಎಂದರೆ ನಾಲ್ಕು ಬೋಲ್ಟ್, 100 ಮಿ.ಮೀ. ವ್ಯಾಸ ಎಂದರ್ಥ. ಇಂದು ಭಾರತದ ಸಣ್ಣ ಕಾರುಗಳಲ್ಲಿ ಬಹುಮಟ್ಟಿಗೆ ಪ್ರಚಲಿತವಿರುವ ಅಳತೆ ಇದೇ. ಹ್ಯುಂಡೈ ಸ್ಯಾಂಟ್ರೋ, ಹೋಂಡಾ ಸಿಟಿ, ರೆನೋ ಲೋಗನ್ ಮೊದಲಾದವು ಈ ಗುಂಪಿಗೆ ಸೇರಿದವು. ಮಾರುತಿ 800 ಕಾರಿನದು 4×114.3. ಈ 114.3 ಎಂಬುದು ನಾಲ್ಕೂವರೆ ಇಂಚಿನ ಮಿಲಿಮೀಟರ್ ರೂಪವಷ್ಟೆ. ಫೋರ್ಡ್ ಐಕಾನ್‌ನದು 4×108.

ಫಿಯಟ್ ಸಂಸ್ಥೆಯ ಉನೋ, ಸಿಯೆನಾ ಹಾಗೂ 2001ರಲ್ಲಿ ಭಾರತಕ್ಕೆ ಬಂದ ಪಾಲಿಯೋ ಕಾರುಗಳು 4×98 ಅಳತೆಯವು. ಜಾಗತಿಕವಾಗಿ ನೋಡಿದರೆ 98 ಅಪರೂಪದ ಅಳತೆಯೇನಲ್ಲ. ಇಟಲಿಯ ಹಲವು ಕಾರುಗಳಲ್ಲಿಯೂ, ಫಿಯಟ್ 124ರ ವಿನ್ಯಾಸದಿಂದ ಹುಟ್ಟಿದ ರಷ್ಯಾದ ಲಾಡಾ ಕಾರುಗಳಲ್ಲಿಯೂ ಅದೇ ಅಳತೆ ಇದೆ. ಆದರೆ ನಮ್ಮ ಮಾರುಕಟ್ಟೆಯಲ್ಲಿ ಆ ಗುಂಪಿನ ವಾಹನಗಳು ಕಡಿಮೆಯಾದಂತೆ ಅಂಗಡಿಯ ಕಪಾಟಿನಲ್ಲಿ ಆ ಚಕ್ರಗಳೂ ಇಲ್ಲವಾದವು. ವಸ್ತುವಿನ ವಿರಳತೆಯನ್ನು ನಿರ್ಧರಿಸುವುದು ಅದರ ವಿನ್ಯಾಸವಲ್ಲ, ಸ್ಥಳೀಯ ಬೇಡಿಕೆ.

ಎರಡು ಮಿಲಿಮೀಟರ್ ಏನು ಮಾಡೀತು?

98 ಮತ್ತು 100ರ ನಡುವಿನ ಅಂತರ ಕೇವಲ ಎರಡು ಮಿಲಿಮೀಟರ್. ಹೀಗಾಗಿ ಸುಲಭವಾಗಿ ದೊರೆಯುವ 4×100 ಚಕ್ರವನ್ನೇ ಫಿಯಟ್ ಹಬ್‌ಗೆ ಒತ್ತಾಯದಿಂದ ಬಿಗಿಯುವ ಆಸೆ ಸಹಜ. ಬೋಲ್ಟ್‌ಗಳು ಒಳಗೆ ಹೋಗುತ್ತವೆ, ಪಾನಾಕ್ಕೆ ಬಿಗಿಯೂ ತಾಗುತ್ತದೆ. ಅಪಾಯ ಅಡಗಿರುವುದು ಇಲ್ಲಿಯೇ.

ಚಕ್ರವು ಹಬ್‌ನ ನಡುವಿನಲ್ಲಿ ಸರಿಯಾಗಿ ಕುಳಿತಾಗ ಪ್ರತಿಯೊಂದು ರಂಧ್ರವೂ ತನ್ನ ಬೋಲ್ಟ್‌ನಿಂದ 1 ಮಿ.ಮೀ. ಹೊರಗಿರುತ್ತದೆ. ಬೋಲ್ಟ್‌ನ ತಲೆಯ ಕೆಳಗಿರುವ ಶಂಕುವಿನಾಕಾರದ ಭಾಗವು ರಂಧ್ರದ ಸುತ್ತ ಸಮನಾಗಿ ಒರಗುವ ಬದಲು ಒಂದೇ ಪಕ್ಕಕ್ಕೆ ತಾಗುತ್ತದೆ. ಪಾನಾದ ಬಲದಲ್ಲಿ ಹೆಚ್ಚಿನ ಪಾಲು ಚಕ್ರವನ್ನು ಹಬ್‌ಗೆ ಒತ್ತಿ ಹಿಡಿಯಲು ಬಳಕೆಯಾಗದೆ ಬೋಲ್ಟನ್ನು ಬಗ್ಗಿಸಲು ವ್ಯಯವಾಗುತ್ತದೆ. ಒಂದು ಬೋಲ್ಟನ್ನು ಮೊದಲೇ ಪೂರ್ತಿ ಬಿಗಿದರೆ ಚಕ್ರದ ಕೇಂದ್ರವು 1 ಮಿ.ಮೀ. ಸರಿಯುತ್ತದೆ, ಎದುರಿನ ರಂಧ್ರದಲ್ಲಿ ಅಂತರವು 2 ಮಿ.ಮೀ. ಆಗುತ್ತದೆ. ವೇಗ ಹೆಚ್ಚಿದಂತೆ ಸ್ಟೀರಿಂಗ್‌ನಲ್ಲಿ ನಡುಕ ಕಾಣಿಸುತ್ತದೆ. ಆ ನಡುಕವು ಬೋಲ್ಟನ್ನು ಸಡಿಲಿಸುತ್ತದೆ, ಸಡಿಲಗೊಂಡ ಬೋಲ್ಟ್ ಪ್ರತಿ ಸುತ್ತಿಗೂ ಹಿಂದು ಮುಂದು ಬಾಗಿ ಲೋಹದಾಯಾಸದಿಂದ ತುಂಡಾಗುವ ಸಂಭವವಿದೆ. ಚಲಿಸುವ ಕಾರಿನಿಂದ ಚಕ್ರ ಕಳಚಿದರೆ ಆಗುವ ಅನಾಹುತ ಕಾರಿನೊಳಗಿನವರಿಗಷ್ಟೇ ಸೀಮಿತವಲ್ಲ, ದಾರಿಹೋಕರಿಗೂ ತಪ್ಪಿದ್ದಲ್ಲ.

ಅಳತೆಯ ಕ್ರಮ

ನಾಲ್ಕು ರಂಧ್ರಗಳ ಚಕ್ರದಲ್ಲಿ ಎದುರುಬದುರಿನ ಎರಡು ರಂಧ್ರಗಳ ಕೇಂದ್ರಗಳ ಅಂತರವೇ ಪಿ.ಸಿ.ಡಿ. ಕೇಂದ್ರವನ್ನು ಗುರುತಿಸುವುದು ಕಷ್ಟವಾದ್ದರಿಂದ ಒಂದು ರಂಧ್ರದ ಹೊರ ಅಂಚಿನಿಂದ ಎದುರಿನ ರಂಧ್ರದ ಒಳ ಅಂಚಿನವರೆಗೆ ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದರೆ ಅದೇ ಉತ್ತರ ದೊರೆಯುತ್ತದೆ. ಪಕ್ಕಪಕ್ಕದ ರಂಧ್ರಗಳ ಕೇಂದ್ರಾಂತರವು 98ರ ಚಕ್ರದಲ್ಲಿ 69.3 ಮಿ.ಮೀ., 100ರ ಚಕ್ರದಲ್ಲಿ 70.7 ಮಿ.ಮೀ. ಇರುತ್ತದೆ. ಟೇಪು ಹಿಡಿದು ಅಂದಾಜಿನಲ್ಲಿ ಅಳೆದರೆ ಈ ಸೂಕ್ಷ್ಮ ವ್ಯತ್ಯಾಸ ತಿಳಿಯದು.

ಪಿ.ಸಿ.ಡಿ. ಹೊಂದಿದ ಮಾತ್ರಕ್ಕೆ ಚಕ್ರ ಹೊಂದಿತೆಂದು ತಿಳಿಯಬಾರದು. ಇನ್ನೂ ಮೂರು ಅಳತೆಗಳನ್ನು ಪರಿಶೀಲಿಸಬೇಕು.

ಮೊದಲನೆಯದು ನಡುರಂಧ್ರದ ವ್ಯಾಸ. ಪಾಲಿಯೋ ಹಬ್‌ನದು 58.1 ಮಿ.ಮೀ. ಸ್ಯಾಂಟ್ರೋ ಚಕ್ರದ ನಡುರಂಧ್ರ 54.1 ಮಿ.ಮೀ., ಹೋಂಡಾ ಸಿಟಿಯದು 56.1 ಮಿ.ಮೀ. ಇವು ಫಿಯಟ್ ಹಬ್‌ನ ಮೇಲೆ ಕೂರುವುದೇ ಇಲ್ಲ. ಲೋಗನ್ ಚಕ್ರದ್ದು 60.1 ಮಿ.ಮೀ. ಇರುವುದರಿಂದ ಅದು ಕೂರುತ್ತದೆ, ಆದರೆ ಸಡಿಲವಾಗಿರುತ್ತದೆ. ಅನೇಕ ಅಲಾಯ್ ಚಕ್ರಗಳಲ್ಲಿ 73.1 ಮಿ.ಮೀ. ರಂಧ್ರವಿದ್ದು, ಕಾರಿಗೆ ತಕ್ಕ ಹಬ್ ರಿಂಗ್ ಹಾಕಿ ಆ ಅಂತರವನ್ನು ತುಂಬಲಾಗುತ್ತದೆ. ಈ ರಿಂಗ್ ಚಕ್ರವನ್ನು ನಡುವಿಗೆ ಕೂರಿಸುತ್ತದೆಯೇ ಹೊರತು ಪಿ.ಸಿ.ಡಿ. ದೋಷವನ್ನು ಸರಿಪಡಿಸುವುದಿಲ್ಲ.

ಎರಡನೆಯದು ಆಫ್‌ಸೆಟ್. ಚಕ್ರದ ಅಗಲದ ನಡುಗೆರೆಗೂ ಹಬ್‌ಗೆ ತಾಗುವ ಮುಖಕ್ಕೂ ಇರುವ ದೂರವಿದು. ಚಕ್ರದ ಮೇಲೆ ಇ.ಟಿ. ಎಂಬ ಅಕ್ಷರಗಳ ಮುಂದೆ ಅಚ್ಚಾಗಿರುತ್ತದೆ. ಇ.ಟಿ. 45 ಇರಬೇಕಾದಲ್ಲಿ ಇ.ಟಿ. 35ರ ಚಕ್ರ ಹಾಕಿದರೆ ಚಕ್ರವು 10 ಮಿ.ಮೀ. ಹೊರಗೆ ಸರಿಯುತ್ತದೆ. ಇದರಿಂದ ಬೇರಿಂಗ್‌ನ ಮೇಲೆ ಹೊರೆ ಹೆಚ್ಚುತ್ತದೆ. ಹೊಂಡದಲ್ಲಿ ಟೈರು ಮಡ್‌ಗಾರ್ಡ್‌ಗೆ ಉಜ್ಜಬಹುದು.

ಮೂರನೆಯದು ಟೈರು ಸಹಿತ ಒಟ್ಟು ವ್ಯಾಸ. ಉದಾಹರಣೆಗೆ 165/80 ಆರ್ 13 ಟೈರಿನ ವ್ಯಾಸ ಸುಮಾರು 594 ಮಿ.ಮೀ., 175/65 ಆರ್ 14ರದು ಸುಮಾರು 583 ಮಿ.ಮೀ. ವ್ಯತ್ಯಾಸ ಶೇಕಡ 2ರೊಳಗೇ ಇದೆ. ರಿಮ್ ಒಂದು ಇಂಚು ದೊಡ್ಡದಾದರೂ ಟೈರಿನ ಗೋಡೆ ತಗ್ಗಿದ್ದರೆ ಸ್ಪೀಡೋಮೀಟರ್‌ನ ಲೆಕ್ಕ ಹೆಚ್ಚು ತಪ್ಪದು.

ಲಭ್ಯವಿರುವ ಮಾರ್ಗಗಳು

ಅತ್ಯಂತ ಅಗ್ಗದ ಮತ್ತು ಸುರಕ್ಷಿತ ಮಾರ್ಗವೆಂದರೆ ಅದೇ ಕುಟುಂಬದ ಬೇರೆ ಮಾದರಿಯ ಮೂಲ ಉಕ್ಕಿನ ಚಕ್ರ. ಉನೋ, ಸಿಯೆನಾ, ಪಾಲಿಯೋಗಳ ಪಿ.ಸಿ.ಡಿ. ಒಂದೇ ಆಗಿರುವುದರಿಂದ ರಿಮ್ಮಿನ ಅಗಲ ಮತ್ತು ಆಫ್‌ಸೆಟ್ ತಾಳೆಯಾದರೆ ಒಂದರದ್ದು ಇನ್ನೊಂದಕ್ಕೆ ಒದಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆ ಹಾಗೂ ಶಿವಾಜಿನಗರ, ಚೆನ್ನೈನ ಪುದುಪೇಟೆ, ಮುಂಬಯಿಯ ಕುರ್ಲಾ, ದೆಹಲಿಯ ಮಾಯಾಪುರಿ ಮುಂತಾದ ಮಾರುಕಟ್ಟೆಗಳಲ್ಲಿ ಇಂತಹ ಹಳೆಯ ಡಿಸ್ಕ್‌ಗಳನ್ನು ಹುಡುಕಬಹುದು. ವಾಹನ ಗುಜರಿ ಕೇಂದ್ರಗಳ ನೋಂದಣಿ ನಿಯಮಗಳು 2021ರಲ್ಲಿ ಜಾರಿಗೆ ಬಂದ ಬಳಿಕ ಹಳೆಯ ವಾಹನಗಳನ್ನು ಕಳಚುವ ಕಾರ್ಯಕ್ಕೆ ಒಂದು ಅಧಿಕೃತ ವ್ಯವಸ್ಥೆ ದೊರೆತಿದೆ ಎಂಬುದೂ ಗಮನಾರ್ಹ.

ಹಳೆಯ ಚಕ್ರವನ್ನು ಕೊಳ್ಳುವ ಮುನ್ನ ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ತಿರುಗಿಸಿ ಓಲಾಟ ನೋಡಬೇಕು. ಬೋಲ್ಟ್ ರಂಧ್ರಗಳು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ, ಹಿಂಬದಿಯಲ್ಲಿ ಬೆಸುಗೆಯ ಗುರುತಿದ್ದರೆ, ಬಿರುಕಿದ್ದರೆ ಎಷ್ಟೇ ಅಗ್ಗವಾದರೂ ತಿರಸ್ಕರಿಸಬೇಕು. ಹೊಸದಾಗಿ ಬಳಿದ ದಪ್ಪ ಬಣ್ಣವು ಇವುಗಳನ್ನು ಮರೆಮಾಚಿರಬಹುದು.

ಎರಡನೆಯ ಮಾರ್ಗ, ರಂಧ್ರ ಕೊರೆಯದ ಹೊಸ ಚಕ್ರ. ಅಲಾಯ್ ಚಕ್ರವನ್ನು ಮೊದಲು ಎರಕ ಹೊಯ್ದು ಅನಂತರ ಯಂತ್ರದಲ್ಲಿ ರಂಧ್ರ ಕೊರೆಯಲಾಗುತ್ತದೆ. ದುಬಾರಿಯಾದದ್ದು ಎರಕದ ಅಚ್ಚು. ರಂಧ್ರದ ಅಳತೆ ಬದಲಿಸುವುದು ಅಷ್ಟು ದುಬಾರಿಯಲ್ಲ. ಆದರೆ ಕೇವಲ ನಾಲ್ಕು ಚಕ್ರಗಳಿಗಾಗಿ ಯಂತ್ರವನ್ನು ಹೊಂದಿಸಲು ತಯಾರಕರು ಒಪ್ಪುವುದಿಲ್ಲ. ಹಲವು ಮಾಲೀಕರ ಬೇಡಿಕೆಯನ್ನು ಒಟ್ಟುಗೂಡಿಸಿ ಒಂದೇ ಬಾರಿಗೆ ಆದೇಶ ನೀಡಿದಲ್ಲಿ ಬೆಲೆಯೂ ಇಳಿಯುತ್ತದೆ, ವರ್ತಕರಿಗೂ ಲಾಭವಿದೆ. ಎಂಟು ರಂಧ್ರಗಳ, 100 ಹಾಗೂ 114.3 ಎರಡಕ್ಕೂ ಹೊಂದುವ ಚಕ್ರಗಳು ಪೇಟೆಯಲ್ಲಿವೆ. ಮಾರುತಿ 800ರಂತಹ 114.3ರ ಕಾರಿಗೆ ಪಿ.ಸಿ.ಡಿ. ಮಟ್ಟಿಗೆ ಅವು ಹೊಂದುತ್ತವೆ, 98ರದಕ್ಕೆ ಹೊಂದಲಾರವು.

ಮೂರನೆಯದು ಸರಿಯುವ ಶಂಕುವಿನ ವಿಶೇಷ ಬೋಲ್ಟ್. ಇದರಲ್ಲಿ ಶಂಕುವಿನ ಭಾಗವು ಬೋಲ್ಟ್‌ಗೆ ಅಂಟಿಕೊಂಡಿರದೆ ಬಿಡಿ ಉಂಗುರವಾಗಿದ್ದು, ಪಕ್ಕಕ್ಕೆ ಸರಿದು ರಂಧ್ರದಲ್ಲಿ ಸಮನಾಗಿ ಕೂರುತ್ತದೆ. ಎರಡು ಮಿ.ಮೀ. ಪಿ.ಸಿ.ಡಿ. ವ್ಯತ್ಯಾಸವನ್ನು ಸರಿದೂಗಿಸಲೆಂದೇ ಇವು ತಯಾರಾಗುತ್ತವೆ. ಆದರೆ ನಡುರಂಧ್ರವು ಹಬ್ ರಿಂಗ್‌ನೊಡನೆ ಬಿಗಿಯಾಗಿ ಕೂತಿರುವುದು ಕಡ್ಡಾಯ. ಫಿಯಟ್ ಬೋಲ್ಟ್‌ನ ಮರೆ 12 ಮಿ.ಮೀ. ದಪ್ಪ, 1.25 ಮಿ.ಮೀ. ಪಿಚ್‌ನದು. ಕನಿಷ್ಠ ಬೋಲ್ಟ್‌ನ ದಪ್ಪದಷ್ಟು, ಅಂದರೆ ಸುಮಾರು ಹತ್ತು ಸುತ್ತು ಮರೆ ಹಬ್‌ನೊಳಗೆ ಹಿಡಿದಿರಬೇಕು. ಅಲಾಯ್ ಚಕ್ರದ ಗೋಡೆ ದಪ್ಪವಾದ್ದರಿಂದ ಉಕ್ಕಿನ ಚಕ್ರದ ಗಿಡ್ಡ ಬೋಲ್ಟ್ ಇಲ್ಲಿ ಸಾಲದು. ವಿಪರೀತ ಉದ್ದವಾದರೂ ಒಳಗಿನ ಬ್ರೇಕ್ ಭಾಗಕ್ಕೆ ತಾಗುವ ಭಯವಿದೆ.

ಅಡಾಪ್ಟರ್ ಬಿಲ್ಲೆಗಳು ಕಡೆಯ ಆಯ್ಕೆಯಾಗಿರಬೇಕು. 20 ಮಿ.ಮೀ. ದಪ್ಪದ ಬಿಲ್ಲೆ ಹಾಕಿದರೆ ಇ.ಟಿ. 40ರ ಚಕ್ರವು ಇ.ಟಿ. 20ರಂತೆ ಹೊರಚಾಚುತ್ತದೆ. ಬಳಸಿದ ಚಕ್ರದ ರಂಧ್ರವನ್ನು ಅರದಿಂದ ಉಜ್ಜಿ ಹಿಗ್ಗಿಸುವುದಂತೂ ಸರ್ವಥಾ ಸಲ್ಲದು. 98 ಮತ್ತು 100ರ ರಂಧ್ರಗಳು ಒಂದರ ಮೇಲೊಂದು ಬೀಳುವುದರಿಂದ ಶಂಕು ಕೂರಲು ಬೇಕಾದ ಲೋಹವೇ ಉಳಿಯುವುದಿಲ್ಲ.

ವರ್ತಕರ ಹೊಣೆ

ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿಲುವನ್ನು ಎತ್ತಿಹಿಡಿದಿದೆ. ಆದ್ದರಿಂದ ತಯಾರಕರು ಅದೇ ಮಾದರಿಯ ಯಾವುದಾದರೂ ಆವೃತ್ತಿಗೆ ನೀಡಿದ ಅಳತೆಯೊಳಗೆ ಉಳಿಯುವುದು ಹಾಗೂ ಬದಲಾವಣೆಯನ್ನು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸುವುದು ಕ್ಷೇಮಕರ. ಗ್ರಾಹಕ ಸಂರಕ್ಷಣಾ ಕಾಯಿದೆ, 2019ರಲ್ಲಿ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯವಿದ್ದು, ತಯಾರಕರ ಜೊತೆಗೆ ಮಾರಾಟಗಾರರೂ ಸೇವೆ ನೀಡುವವರೂ ಅದರ ವ್ಯಾಪ್ತಿಗೆ ಬರುತ್ತಾರೆ. "ಹೇಗೋ ಕೂರುತ್ತದೆ" ಎಂಬ ಬಾಯಿಮಾತಿನ ಭರವಸೆ ಮುಂದೆ ದುಬಾರಿಯಾಗಬಹುದು.

ಬಿಲ್ಲಿನಲ್ಲಿ ಪಿ.ಸಿ.ಡಿ., ನಡುರಂಧ್ರ, ಆಫ್‌ಸೆಟ್ ಹಾಗೂ ಬೋಲ್ಟ್‌ನ ಉದ್ದವನ್ನು ನಮೂದಿಸುವ ಪದ್ಧತಿ ಇಬ್ಬರಿಗೂ ರಕ್ಷಣೆ ನೀಡುತ್ತದೆ. ಚಕ್ರ ಜೋಡಿಸಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ ಬೋಲ್ಟ್‌ಗಳನ್ನು ಮರಳಿ ಬಿಗಿಸಿಕೊಳ್ಳುವಂತೆ ಗ್ರಾಹಕರಿಗೆ ತಿಳಿಸಬೇಕು. ಬೆಲೆ ಹೇಳುವಾಗಲೂ ಚಕ್ರದೊಡನೆ ಬೋಲ್ಟ್, ರಿಂಗ್, ಬ್ಯಾಲೆನ್ಸಿಂಗ್ ವೆಚ್ಚಗಳನ್ನು ಸೇರಿಸಿಯೇ ಹೇಳುವುದು ಉಚಿತ. ಅಗ್ಗವೆಂದು ಕೊಂಡ ಚಕ್ರವು ಈ ಎಲ್ಲವೂ ಸೇರಿದಾಗ ಮೂಲ ಚಕ್ರಕ್ಕಿಂತ ಹೆಚ್ಚಾಗುವ ಪ್ರಸಂಗಗಳುಂಟು.

ಹಳೆಯ ಕಾರುಗಳ ವ್ಯಾಪಾರ ಚಿಕ್ಕದೇ ಇರಬಹುದು. ಆದರೆ ಆ ಗ್ರಾಹಕರು ಒಮ್ಮೆ ನಂಬಿದ ಅಂಗಡಿಯನ್ನು ಬಿಡುವವರಲ್ಲ. ಒಂದು ವರ್ನಿಯರ್ ಕ್ಯಾಲಿಪರ್, ಅಳತೆಗಳನ್ನು ಬರೆದಿಟ್ಟ ಒಂದು ಪುಸ್ತಕ ಮತ್ತು ಹೊಂದದ ಚಕ್ರವನ್ನು ಮಾರಲಾರೆನೆಂದು ಹೇಳುವ ಧೈರ್ಯ, ಈ ಮೂರಿದ್ದರೆ ಆ ನಂಬಿಕೆಯನ್ನು ಗಳಿಸುವುದು ಕಷ್ಟವಲ್ಲ.