ಪಾರ್ಸಲು ಸುತ್ತಿ ಬರುವುದೇಕೆ?

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾನದಿಯ ದಡದ ಮೇಲೆ, ಘತ್ತರಗಿ ಎಂಬ ಗ್ರಾಮವಿದೆ. ಭಾಗ್ಯವಂತಿ ದೇವಿಯ ಕ್ಷೇತ್ರವೆಂದು ಆ ಸೀಮೆಯವರಿಗೆಲ್ಲ ಅದು ಪರಿಚಿತವಾದುದು. ಹೊಳೆಯ ಆಚೆಗೆ ವಿಜಯಪುರ ಜಿಲ್ಲೆಯ ಸಿಂದಗಿ ಸೀಮೆ. ಸಿಂದಗಿಯಲ್ಲಿರುವ ಸೋದರಮಾವನೊಬ್ಬನು ಘತ್ತರಗಿಯಲ್ಲಿ ಓದುತ್ತಿರುವ ತನ್ನ ಅಳಿಯನಿಗೆ ಭೌತಶಾಸ್ತ್ರದ ಎರಡು ಪುಸ್ತಕಗಳನ್ನು ಪಾರ್ಸಲು ಮಾಡಿ ಕಳುಹಿಸಿದನೆಂದು ಭಾವಿಸೋಣ. ಮಾವನು ತಾನೇ ಮೋಟಾರು ಸೈಕಲ್ಲೇರಿ ಹೊರಟಿದ್ದರೆ, ಹೊಳೆ ದಾಟಿ ಪುಸ್ತಕ ಕೊಟ್ಟು, ಊಟ ಮಾಡಿಕೊಂಡು ಸಂಜೆಯೊಳಗೆ ಮನೆಗೆ ಹಿಂದಿರುಗಬಹುದಾಗಿತ್ತು. ಪಾರ್ಸಲಿನ ರೀತಿಯೇ ಬೇರೆ. ಅದು ಪೂರ್ವಕ್ಕಿರುವ ಊರನ್ನು ಸೇರಲು ಮೊದಲು ಪಶ್ಚಿಮಕ್ಕೆ, ವಿಜಯಪುರದ ಕಡೆಗೆ, ಹೊರಡಬಹುದು. ಅಲ್ಲಿಂದ ಕಲಬುರಗಿ, ಕಲಬುರಗಿಯಿಂದ ಅಫಜಲಪುರ, ಕಡೆಗೊಮ್ಮೆ ಘತ್ತರಗಿ. ವಿಜಯಪುರದಿಂದ ರೈಲಿನಲ್ಲಿ ಹೋದರಂತೂ ಮಹಾರಾಷ್ಟ್ರವನ್ನು ಹೊಕ್ಕು, ಸೊಲ್ಲಾಪುರದ ಬಳಿಯ ಹೊಟಗಿ ಜಂಕ್ಷನ್ನಿನಲ್ಲಿ ಮುಂಬಯಿ–ಚೆನ್ನೈ ಮಾರ್ಗವನ್ನು ಹಿಡಿದು ಆಗ್ನೇಯಕ್ಕೆ ತಿರುಗಬೇಕು. ಅಷ್ಟೇ ಸುಮಾರು 200 ಕಿಲೋಮೀಟರುಗಳ ದಾರಿ.

ಸುತ್ತಿ ಬಳಸಿ ಮೂಗು ಹಿಡಿಯುವ ಈ ಪದ್ಧತಿಯನ್ನು ಕಂಡು ನಗುವವರುಂಟು. ನಗುವುದಕ್ಕೆ ಮುನ್ನ ಇದರ ಹಿಂದಿನ ಲೆಕ್ಕವನ್ನು ನೋಡಬೇಕು.

ಮೊದಲನೆಯದಾಗಿ, ಪಾರ್ಸಲು ಭೂಪಟವನ್ನು ನೋಡಿ ನಡೆಯುವುದಿಲ್ಲ. ಪಿನ್‌ಕೋಡನ್ನು ನೋಡಿ ನಡೆಯುತ್ತದೆ. 1972ನೆಯ ಇಸವಿಯ ಆಗಸ್ಟ್ 15ರಂದು ನಮ್ಮ ದೇಶದಲ್ಲಿ ಜಾರಿಗೆ ಬಂದ ಈ ಆರು ಅಂಕಿಗಳ ಸಂಖ್ಯೆಯಲ್ಲಿ ಮೊದಲನೆಯ ಅಂಕಿಯು ವಲಯವನ್ನು, ಮೊದಲ ಎರಡು ಉಪವಲಯವನ್ನು, ಮೊದಲ ಮೂರು ವಿಂಗಡಣೆಯ ಜಿಲ್ಲೆಯನ್ನು ಸೂಚಿಸುತ್ತವೆ. ಉಳಿದ ಮೂರು ಬಟವಾಡೆ ಮಾಡುವ ಅಂಚೆಕಚೇರಿಯನ್ನು ಗುರುತಿಸುತ್ತವೆ. ಕಲಬುರಗಿಗೆ 585, ವಿಜಯಪುರಕ್ಕೆ 586. ಬೀದರ, ಯಾದಗಿರಿಗಳ ಸಂಖ್ಯೆಗಳೂ 585 ಎಂದೇ ಮೊದಲಾಗುತ್ತವೆ. ಆದುದರಿಂದ ಪಿನ್‌ಕೋಡಿನ ದೃಷ್ಟಿಯಲ್ಲಿ ದೂರದ ಬೀದರವು ಘತ್ತರಗಿಗೆ ಒಂದೇ ಮನೆಯ ದಾಯಾದಿ. ಹೊಳೆಯಾಚೆಗೆ ಕಣ್ಣಿಗೆ ಕಾಣುವ ಹೊಲವು ಪರಸ್ಥಳ!

ಇನ್ನು ಎರಡನೆಯ ಕಾರಣ. ಇದೇ ಮುಖ್ಯವಾದುದು. 100 ಊರುಗಳಿವೆ ಎನ್ನಿರಿ. ಪ್ರತಿಯೊಂದು ಊರಿನಿಂದಲೂ ಉಳಿದ ಪ್ರತಿಯೊಂದು ಊರಿಗೆ ದಿನಕ್ಕೆ ಎರಡೆರಡು ಪಾರ್ಸಲುಗಳು ಹೋಗಬೇಕಾಗಿವೆ. ಎಲ್ಲ ಊರುಗಳನ್ನೂ ನೇರವಾಗಿ ಜೋಡಿಸಲು 4,950 ಮಾರ್ಗಗಳು ಬೇಕು. ಒಂದೊಂದು ಮಾರ್ಗದಲ್ಲಿ ಅತ್ತ ಹೋಗುವ ಬಂಡಿಯಲ್ಲಿ ಎರಡು ಪಾರ್ಸಲು, ಇತ್ತ ಬರುವ ಬಂಡಿಯಲ್ಲಿ ಎರಡು. ಎರಡು ಪಾರ್ಸಲುಗಳಿಗಾಗಿ ಲಾರಿ ಓಡಿಸುವ ಸಾಹುಕಾರನುಂಟೆ? ಅರವತ್ತಾದರೂ ಕೂಡಲಿ ಎಂದು ಅವನು ಕಾಯುತ್ತಾನೆ. ಕಾಯುವುದರಲ್ಲಿಯೇ 30 ದಿನ ಕಳೆಯುತ್ತದೆ. ಅದಕ್ಕೆ ಬದಲಾಗಿ ಆ ನೂರರಲ್ಲಿ ಒಂದು ಊರನ್ನು ಕೇಂದ್ರವಾಗಿಟ್ಟುಕೊಂಡು, ಸೈಕಲ್ ಚಕ್ರದ ಕಡ್ಡಿಗಳು ನಡುವಿನಲ್ಲಿ ಕೂಡುವಂತೆ ಉಳಿದ ಊರುಗಳನ್ನು ಅದಕ್ಕೆ ಜೋಡಿಸಿದರೆ 99 ಮಾರ್ಗಗಳು ಸಾಕು. ಪ್ರತಿ ಊರಿನ ಬಂಡಿಯಲ್ಲಿಯೂ ದಿನಕ್ಕೆ 198 ಪಾರ್ಸಲುಗಳಿರುವುದರಿಂದ ಅದು ಅಂದಂದೇ ಹೊರಡಬಹುದು. ದಾರಿಯು ಉದ್ದವಾಯಿತು, ನಿಜ, ಕಾಯುವಿಕೆಯು ಅಳಿಯಿತು. ಓಡುವ ಪಾರ್ಸಲಿನ ವೇಳೆಯನ್ನು ಗಂಟೆಗಳಲ್ಲಿ ಎಣಿಸಬಹುದು, ನಿಂತ ಪಾರ್ಸಲಿನದನ್ನು ದಿನಗಳಲ್ಲಿ ಎಣಿಸಬೇಕು.

ಇದು ನಮ್ಮ ರೈತರಿಗೆ ಹೊಸ ವಿದ್ಯೆಯೇನಲ್ಲ. ಮೆಣಸಿನಕಾಯಿ ಬೆಳೆದವನು ಮನೆಮನೆಗೆ ಹೊತ್ತು ತಿರುಗದೆ ಸಂತೆಗೆ ಒಯ್ಯುತ್ತಾನೆ. ಪಕ್ಕದ ಊರಿನವನೂ ಅದನ್ನು ಸಂತೆಯಲ್ಲಿಯೇ ಕೊಳ್ಳುತ್ತಾನೆ. ಇದೇ ಯುಕ್ತಿಯನ್ನು ಆಕಾಶಕ್ಕೇರಿಸಿದುದು ಅಮೆರಿಕದ ಫೆಡರಲ್ ಎಕ್ಸ್‌ಪ್ರೆಸ್ ಸಂಸ್ಥೆ. 1973ರ ಏಪ್ರಿಲ್ 17ರ ರಾತ್ರಿ ಅದರ 14 ಚಿಕ್ಕ ವಿಮಾನಗಳು 25 ನಗರಗಳಿಗೆ ಸೇರಿದ 186 ಪಾರ್ಸಲುಗಳನ್ನು ಸಾಗಿಸಿದವು. ಅದರ ಏರ್ಪಾಡಿನಂತೆ ಪಾರ್ಸಲುಗಳೆಲ್ಲ ರಾತ್ರಿ ಮೆಂಫಿಸ್ ನಗರದಲ್ಲಿ ಕೂಡಿ, ಅಲ್ಲಿಯೇ ವಿಂಗಡಣೆಯಾಗಿ, ಬೆಳಗಾಗುವುದರೊಳಗೆ ಮತ್ತೆ ಚದುರುತ್ತಿದ್ದವು. ನೆರೆಹೊರೆಯ ನಗರಗಳ ನಡುವಣ ಪಾರ್ಸಲೂ ಮೆಂಫಿಸನ್ನು ಕಂಡೇ ಬರಬೇಕಾಗಿತ್ತು. ಆದರೂ ಮಾರನೆಯ ದಿನವೇ ಮುಟ್ಟುತ್ತಿತ್ತು.

ಹಾಗಾದರೆ ಘತ್ತರಗಿಯ ಪಾರ್ಸಲು ಮಾರನೆಯ ದಿನ ಏಕೆ ಮುಟ್ಟಬಾರದು? ಇಲ್ಲಿಯೇ ಈ ವ್ಯವಸ್ಥೆಯ ಬಡತನ ಬಯಲಾಗುತ್ತದೆ. ದೊಡ್ಡ ಕೇಂದ್ರಗಳ ನಡುವೆ ಲಾರಿಗಳು ತುಂಬಿ ಓಡುತ್ತವೆ. ಕಲಬುರಗಿಯಿಂದ ಮುಂದೆ ಸಾಗಿದಂತೆ ಹೊರೆ ಕರಗುತ್ತದೆ. ಅಫಜಲಪುರ ದಾಟಿದ ಮೇಲೆ ಒಂದು ಊರಿಗೆ ಒಂದೋ ಎರಡೋ ಪಾರ್ಸಲು. ಯಾವ ಕಾಯುವಿಕೆಯನ್ನು ಕೇಂದ್ರದ ಏರ್ಪಾಡು ತೊಡೆದುಹಾಕಿತ್ತೋ ಅದು ಇಲ್ಲಿ ಹಿಂಬಾಗಿಲಿನಿಂದ ಒಳಸೇರುತ್ತದೆ. “ತಾಲ್ಲೂಕಿಗೆ ಬಂದು ಒಯ್ಯಿರಿ” ಎಂಬ ಫೋನು ಬರುವುದೂ ಇದರಿಂದಲೇ. ಕೂಲಿ ಬಿಟ್ಟು, ಬಸ್ಸಿನ ಹಣ ಕೊಟ್ಟು ಬಂದು ಒಯ್ಯುವವನ ಖರ್ಚು ಯಾವ ಕೊರಿಯರಿನ ಲೆಕ್ಕಪುಸ್ತಕದಲ್ಲಿಯೂ ಇರುವುದಿಲ್ಲ.

ಪುಸ್ತಕವಾದರೆ ತಡೆದೀತು. ಇನ್ಸುಲಿನ್ ತಡೆಯಲಾರದು. ತೆರೆಯದ ಇನ್ಸುಲಿನ್ ಸೀಸೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡಬೇಕು. ಕಲಬುರಗಿಯ ಬೇಸಗೆಯೋ 40 ಡಿಗ್ರಿಯನ್ನು ಮೀರುವಂಥದು. ಹಿಮದ ಚೀಲದೊಳಗಿಟ್ಟು ಕಳುಹಿಸಿದರೂ ಚೀಲದ ತಂಪಿಗೆ ಒಂದು ಅವಧಿಯುಂಟು. ಲಾರಿಯು 200 ಕಿಲೋಮೀಟರು ಹೆಚ್ಚು ಓಡಿದರೆ ಆ ಅವಧಿಯಲ್ಲಿ ನಾಲ್ಕೈದು ಗಂಟೆ ಕಳೆದೀತು. ಕಡೆಯ ಗೋದಾಮಿನಲ್ಲಿ ಎರಡು ದಿನ ಬಿದ್ದಿದ್ದರೆ ಔಷಧವೇ ಕೆಡಬಹುದು. ಆದುದರಿಂದ ಹಳ್ಳಿಯವರು ಕೇಳಬೇಕಾದುದು ನೇರ ದಾರಿಯನ್ನಲ್ಲ, ಕಡೆಯ ಹಂತದಲ್ಲಿ ದಿನವೂ ತಪ್ಪದೆ ಹೊರಡುವ ಕೈಯನ್ನು ಎಂದು ನನ್ನ ಅಭಿಪ್ರಾಯ. ಹೊರೆ ಎಷ್ಟೇ ಇರಲಿ, ಅಂಚೆಯವನು ದಿನವೂ ಹೊರಡುತ್ತಾನೆ. ದೇಶದಲ್ಲಿರುವ 1,60,000ಕ್ಕೂ ಹೆಚ್ಚು ಅಂಚೆಕಚೇರಿಗಳಲ್ಲಿ ಬಹುಪಾಲು ಹಳ್ಳಿಗಳಲ್ಲಿಯೇ ಇರುವುದು ಇಂಥ ಕೆಲಸಕ್ಕೆ ದೊಡ್ಡ ಅನುಕೂಲ.

ಸುತ್ತುದಾರಿಯ ಪರವಾಗಿ ಹೇಳಬೇಕಾದ ಮಾತು ಇನ್ನೊಂದಿದೆ. 2020ರ ಅಕ್ಟೋಬರಿನಲ್ಲಿ ಭೀಮೆಗೆ ಮಹಾಪೂರ ಬಂದಾಗ ತೀರದ ಅನೇಕ ಹಳ್ಳಿಗಳು ಜಲಾವೃತವಾದುವು, ತಗ್ಗಿನ ಸೇತುವೆಗಳು ಮುಳುಗಿದುವು. ಅಂಥ ದಿನಗಳಲ್ಲಿ ಸಿಂದಗಿಯ ಮಾವನು ಮೋಟಾರು ಸೈಕಲ್ಲನ್ನು ಆಚೆ ದಡದಲ್ಲಿಯೇ ನಿಲ್ಲಿಸಿ ನೀರನ್ನು ನೋಡುತ್ತಿರಬೇಕಾಗುತ್ತದೆ. ಅವನು ಕಳುಹಿಸಿದ ಪಾರ್ಸಲು ಹೊಟಗಿಯ ಮಾರ್ಗದ ಎತ್ತರವಾದ ರೈಲು ಸೇತುವೆಯ ಮೇಲೆ ಭೀಮೆಯನ್ನು ದಾಟಿ, ಅಫಜಲಪುರದ ಕಡೆಯ ರಸ್ತೆಯು ಉಳಿದಿದ್ದ ಪಕ್ಷದಲ್ಲಿ, ಅಳಿಯನ ಮನೆಯನ್ನು ಸೇರಬಹುದು.