ಮದ್ಯಪಾನದ ಮರುದಿನ: ಬರಿಯ ತಲೆನೋವೇ, ವಿಷವೇ?

ಮಿತಿಮೀರಿ ಮದ್ಯಪಾನ ಮಾಡಿದವರು ಮರುದಿನ ತಲೆನೋವು, ಬಾಯಾರಿಕೆ, ವಾಕರಿಕೆ ಹಾಗೂ ಆಯಾಸದಿಂದ ಬಳಲುವುದು ಸಾಮಾನ್ಯ. ಇದನ್ನೇ ಹ್ಯಾಂಗೋವರ್ ಎನ್ನುತ್ತಾರೆ. ಇದು ಏಕೆ ಉಂಟಾಗುತ್ತದೆ ಮತ್ತು ಇಂತಹುದೇ ಲಕ್ಷಣಗಳು ಯಾವಾಗ ಪ್ರಾಣಾಪಾಯವನ್ನು ಸೂಚಿಸುತ್ತವೆ ಎಂಬುದನ್ನು ಪ್ರತಿಯೊಂದು ಕುಟುಂಬವೂ ತಿಳಿದಿರುವುದು ಅವಶ್ಯಕ.

ಮದ್ಯದಲ್ಲಿ ಅಮಲು ತರುವ ವಸ್ತು ಈಥೈಲ್ ಆಲ್ಕೊಹಾಲ್. ಯಕೃತ್ತು ಇದನ್ನು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷಕಾರಿ ವಸ್ತುವನ್ನಾಗಿಯೂ, ಅನಂತರ ಅಷ್ಟೇನೂ ಹಾನಿಕರವಲ್ಲದ ಅಸಿಟೇಟ್ ಆಗಿಯೂ ಪರಿವರ್ತಿಸುತ್ತದೆ. ಈ ಕಾರ್ಯದ ವೇಗಕ್ಕೆ ಮಿತಿಯುಂಟು. 30 ಮಿಲಿಲೀಟರ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೊಹಾಲ್ ಇರುತ್ತದೆ. ಅಷ್ಟನ್ನು ಕರಗಿಸಲು ಯಕೃತ್ತಿಗೆ ಒಂದು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಬೇಕು. ಕಾಫಿಯಿಂದಾಗಲಿ, ನಿಂಬೆರಸದಿಂದಾಗಲಿ, ತಣ್ಣೀರಿನ ಸ್ನಾನದಿಂದಾಗಲಿ ಈ ವೇಗ ಹೆಚ್ಚುವುದಿಲ್ಲ.

ಇದಲ್ಲದೆ, ದೇಹದಲ್ಲಿ ನೀರನ್ನು ಹಿಡಿದಿಡುವ ಹಾರ್ಮೋನಿನ ಸ್ರಾವವನ್ನು ಮದ್ಯವು ತಗ್ಗಿಸುತ್ತದೆ. ಇದರಿಂದ ಮೂತ್ರ ಹೆಚ್ಚಾಗಿ ಬಾಯಾರಿಕೆ ಉಂಟಾಗುತ್ತದೆ. ಜಠರದ ಒಳಪೊರೆ ಕೆರಳುವುದರಿಂದ ವಾಕರಿಕೆಯೂ, ಗಾಢನಿದ್ರೆಗೆ ಭಂಗ ಬರುವುದರಿಂದ ಆಯಾಸವೂ ತಲೆದೋರುತ್ತವೆ. ವಿಶ್ರಾಂತಿ, ನೀರು ಮತ್ತು ಲಘು ಆಹಾರಗಳಿಂದ ಈ ತೊಂದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಶಮನವಾಗುತ್ತದೆ. ಮತ್ತೆ ಕುಡಿಯುವುದು ಇದಕ್ಕೆ ಪರಿಹಾರವಲ್ಲ. ಅದು ವ್ಯಸನಕ್ಕೆ ದಾರಿ.

ಆದರೆ ಕಳ್ಳಭಟ್ಟಿ ಅಥವಾ ಕಲಬೆರಕೆ ಮದ್ಯದ ವಿಷಯವೇ ಬೇರೆ. ಅದರಲ್ಲಿ ಕೈಗಾರಿಕಾ ಬಳಕೆಯ ಮೀಥೈಲ್ ಆಲ್ಕೊಹಾಲ್ ಬೆರೆತಿರಬಹುದು. ರುಚಿಯಿಂದಾಗಲಿ ವಾಸನೆಯಿಂದಾಗಲಿ ಇದನ್ನು ಗುರುತಿಸಲಾಗದು. ದೇಹದಲ್ಲಿ ಇದು ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ದೃಷ್ಟಿನರವನ್ನು ನಾಶಪಡಿಸುತ್ತದೆ, ಪ್ರಾಣವನ್ನೂ ತೆಗೆಯುತ್ತದೆ. 2015ರಲ್ಲಿ ಮುಂಬಯಿಯ ಮಾಲವಣಿಯಲ್ಲಿ 100ಕ್ಕೂ ಹೆಚ್ಚು ಮಂದಿ, 2024ರಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು ಮಂದಿ ಇಂತಹ ಮದ್ಯ ಸೇವಿಸಿ ಮೃತಪಟ್ಟರು.

ಈ ವಿಷದ ತೀವ್ರ ಲಕ್ಷಣಗಳು ಅನೇಕ ವೇಳೆ 12ರಿಂದ 24 ಗಂಟೆಗಳ ಬಳಿಕ ಕಾಣಿಸುತ್ತವೆ. ಆದುದರಿಂದಲೇ ಮನೆಯವರು ಇದನ್ನು ಅಮಲಿನ ಶೇಷವೆಂದು ಭಾವಿಸಿ, ರೋಗಿಯನ್ನು ಮಲಗಲು ಬಿಟ್ಟು, ಅಮೂಲ್ಯ ಸಮಯವನ್ನು ಕಳೆದುಕೊಳ್ಳುತ್ತಾರೆ. ಕಣ್ಣು ಮಂಜಾಗುವುದು, ತೀವ್ರ ಹೊಟ್ಟೆನೋವು, ವೇಗವಾದ ಉಸಿರಾಟ, ಮತಿಗೊಂದಲ - ಇವು ಕಂಡುಬಂದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಸೇವಿಸಿದ್ದು ಏನೆಂಬುದನ್ನು ವೈದ್ಯರಿಂದ ಮುಚ್ಚಿಡಬಾರದು. ಜೊತೆಯಲ್ಲಿ ಕುಡಿದವರು ಆರೋಗ್ಯವಾಗಿರುವಂತೆ ತೋರಿದರೂ ಅವರನ್ನು ಪರೀಕ್ಷೆಗೆ ಒಳಪಡಿಸಬೇಕು. ಸಕಾಲದಲ್ಲಿ ಪ್ರತಿವಿಷ ಮತ್ತು ಡಯಾಲಿಸಿಸ್ ದೊರೆತಲ್ಲಿ ಜೀವವನ್ನೂ ದೃಷ್ಟಿಯನ್ನೂ ಉಳಿಸಿಕೊಳ್ಳುವ ಸಾಧ್ಯತೆಯಿದೆ.

ಮದ್ಯವ್ಯಸನದಿಂದ ಬಿಡುಗಡೆ ಬಯಸುವವರು ರಾಷ್ಟ್ರೀಯ ಉಚಿತ ಸಹಾಯವಾಣಿ 14446ನ್ನು ಸಂಪರ್ಕಿಸಬಹುದು.